ಕುರಿ ಕೆಮ್ಮುವ ತನಕ ಕಾಯಬೇಡಿ

ಪುಣೆಯ ನಮ್ಮ ಕನ್ನಡದವರಲ್ಲಿ ಈಗ ಕುರಿ ಸಾಕುವ ಹುಮ್ಮಸ್ಸು ಜಾಸ್ತಿಯಾಗಿದೆ. ಚಿಂಚವಡದಲ್ಲಿ ನೌಕರಿ, ಶಿರೂರು ಕಡೆಯೋ ಸಾಸವಡ ಕಡೆಯೋ ಒಂದು ಶೆಡ್. ಇಲ್ಲದಿದ್ದರೆ ಇಂಡಿಯಲ್ಲೋ ಅಥಣಿಯಲ್ಲೋ ತಮ್ಮನ ಕೈಯಲ್ಲಿ ಹಿಂಡು. ಖುಷಿಯ ವಿಷಯವೇ. ಆದರೆ ಮಳೆ ಹಿಡಿದರೆ ಸಾಕು, ಒಂದೇ ಥರದ ಫೋನು: "ಅಣ್ಣಾ, ಕುರಿ ಕೆಮ್ಮಾಕ ಹತ್ತ್ಯಾವ, ಯಾವ ಇಂಜೆಕ್ಷನ್ ಹಾಕಿಸಲಿ?"

ಕೆಮ್ಮು ಕಿವಿಗೆ ಬೀಳುವಷ್ಟರಲ್ಲಿ ಎಷ್ಟೋ ಸಲ ರೋಗ ಹಿಂಡಿನೊಳಗೆ ಹರಡಿರುತ್ತದೆ. ನಮ್ಮ ದೊಡ್ಡಪ್ಪ ಜೀವನವಿಡೀ ಕುರಿ ಹಿಂದೆ ನಡೆದವರು. ಬೆಳಿಗ್ಗೆ ದಡ್ಡಿ ಬಿಚ್ಚಿದಾಗ ಮುಂದೆ ಓಡುವ ಕುರಿಗಳನ್ನು ನೋಡುತ್ತಲೇ ಇರಲಿಲ್ಲ. "ಹಿಂದ ಯಾವುದು ಉಳೀತು, ಅದನ್ನ ಹಿಡಿ" ಅನ್ನೋರು. ಆ ಕುರಿಯ ಹತ್ತಿರ ಕೂತು ನೋಡಿ. ಕಿವಿ ಜೋತು ಬಿದ್ದಿರುತ್ತದೆ, ಮೆಲುಕು ನಿಂತಿರುತ್ತದೆ. ಕತ್ತು ಮುಂದೆ ಚಾಚಿ, ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆಯುತ್ತದೆ. ಒಂದೊಂದು ಉಸಿರಿಗೂ ಪಕ್ಕೆ ಒಳಗೆ ಹೋಗುತ್ತದೆ. ತಂಪು ಹೊತ್ತಲ್ಲಿ ಸುಮ್ಮನೆ ಮಲಗಿದ ದೊಡ್ಡ ಕುರಿ ನಿಮಿಷಕ್ಕೆ ಹೆಚ್ಚೆಂದರೆ 30 ಸಲ ಉಸಿರಾಡಬೇಕು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟರೆ 102–103 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು. ಬೆಳಗಿನ ಹೊತ್ತಲ್ಲೇ 104 ದಾಟಿದರೆ ಅದನ್ನು ಬೇರೆ ಕಟ್ಟಿ, ಡಾಕ್ಟರನ್ನು ಕರೆಯಿರಿ.

ಮೂಗಿನಿಂದ ನೀರು ಸುರಿದು ಆಮೇಲೆ ಹಳದಿ ಸಿಂಬಳ ಕಟ್ಟಿಕೊಂಡರೆ, ಜೊತೆಗೆ ಬಾಯಲ್ಲಿ ಹುಣ್ಣು, ಭೇದಿ ಇದ್ದರೆ ಅದು ಪಿಪಿಆರ್, ಅಂದರೆ ಹಿರೇಬೇನೆ ಇರಬಹುದು. ಇದು ವೈರಸ್. ಆಂಟಿಬಯೋಟಿಕ್ ಇದನ್ನು ಕೊಲ್ಲುವುದಿಲ್ಲ. ಅದರ ಬೆನ್ನಿಗೇ ಬರುವ ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೆ ಮಾತ್ರ ಬೇಕಾಗುತ್ತದೆ. ಯಾವುದು, ಎಷ್ಟು ಅನ್ನೋದನ್ನು ಡಾಕ್ಟರ್ ಹೇಳಬೇಕು, ಔಷಧ ಅಂಗಡಿಯವನಲ್ಲ. ಲಸಿಕೆ ಮಾತ್ರ ಚೆನ್ನಾಗಿದೆ. ಒಮ್ಮೆ ಹಾಕಿಸಿದರೆ ಸುಮಾರು 3 ವರ್ಷ ರಕ್ಷಣೆ. ಮರಿಗಳಿಗೆ 3–4 ತಿಂಗಳು ತುಂಬಿದ ಮೇಲೆ ಹಾಕಿಸಿ. ಗಳಲೆ ರೋಗ, ಅಂದರೆ ಗಂಟಲು ಊದಿ ಉಸಿರು ಕಟ್ಟಿಸುವ ಬ್ಯಾಕ್ಟೀರಿಯಾ ಬೇನೆ, ಅದರ ಲಸಿಕೆಯನ್ನು ಮಳೆಗೆ ಮುಂಚೆಯೇ ಮುಗಿಸಿ.

ಇನ್ನು ಶೆಡ್. ಇದರ ಬಗ್ಗೆ ನನಗೆ ನಿಜವಾಗಲೂ ಸಂಕಟ. ಮಳೆ ಎರಚಲು ಬೀಳುತ್ತದೆ ಅಂತ ನಾಲ್ಕೂ ಕಡೆ ತಾಡಪತ್ರಿ ಬಿಗಿದುಬಿಡುತ್ತಾರೆ. ಒಳಗೆ ಹೋಗಿ ಕುರಿಯ ಮೂತಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕಣ್ಣು ಉರಿಯುತ್ತದೆ, ಅಲ್ವಾ? ಅದು ಉಚ್ಚೆಯಿಂದ ಏಳುವ ಅಮೋನಿಯಾ. ಅದೇ ಗಾಳಿಯನ್ನು ಕುರಿ ರಾತ್ರಿಯೆಲ್ಲ ಎಳೆದುಕೊಳ್ಳುತ್ತದೆ, ಶ್ವಾಸನಾಳದ ಒಳಪದರ ಕೆಡುತ್ತದೆ. ಗಾಳಿ ಹೊಡೆಯುವ ಕಡೆ ಕೆಳಗೆ ಮರೆ ಮಾಡಿ, ಕುರಿಯ ತಲೆಯಿಂದ ಮೇಲೆ ತೆರೆದಿಡಿ. ನೆಲ ಒಣಗಿರಲಿ.

ಚಾಕಣ ಸಂತೆಯಿಂದ ತಂದ ಕುರಿಯನ್ನು ಅವತ್ತೇ ಹಿಂಡಿಗೆ ಬಿಡಬೇಡಿ. ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ದಣಿದ ಕುರಿಗೆ ನ್ಯುಮೋನಿಯಾ ಬೇಗ ಹಿಡಿಯುತ್ತದೆ. ಮೂರು ವಾರ ದೂರ ಕಟ್ಟಿ, ನೀರಿನ ತೊಟ್ಟಿಯೂ ಬೇರೆ ಇರಲಿ. ಜಂತಿನ ಔಷಧ ಕುಡಿಸುವಾಗ ತಲೆ ಮೇಲಕ್ಕೆತ್ತಿ ಸುರಿಯಬೇಡಿ, ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮಿದರೆ ತಲೆ ಬಿಟ್ಟುಬಿಡಿ.

ಅಷ್ಟಾಗಿಯೂ ಒಂದು ಕುರಿ ಸತ್ತರೆ, ಗುಂಡಿ ತೋಡಿ ಹೂಳುವ ಮುಂಚೆ ಪಶು ಡಾಕ್ಟರರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಶ್ವಾಸಕೋಶ ನೋಡಿದರೆ ಉಳಿದವಕ್ಕೆ ಏನು ಮಾಡಬೇಕು ಅನ್ನೋದು ಅವರಿಗೆ ಬೇಗ ತಿಳಿಯುತ್ತದೆ.