ಬಿಚ್ಚಿದ್ದು ನೋಡಿದೆವು, ಈಗ ಮಡಚಿ ತೋರಿಸಿ ಸ್ವಾಮಿ!

ನಿನ್ನೆ ಕ್ಯಾಂಪಿಂಗ್ ಸಾಮಾನುಗಳ ಪ್ರದರ್ಶನಕ್ಕೆ ಹೋಗಿದ್ದೆ. ಏನೂ ಕೊಳ್ಳುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟೇ ಹೊರಟಿದ್ದೆ. ಕೊಳ್ಳಲಿಲ್ಲ ಕೂಡ. ಆದರೆ ತಲೆ ಬಿಸಿ ಮಾಡಿಕೊಂಡು ಬಂದೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಈ ಬರಹ.

ಅಲ್ಲಿ ಒಬ್ಬ ಟ್ರೇಲರ್ ಟೆಂಟ್ ಬಿಚ್ಚಿ ತೋರಿಸುತ್ತಿದ್ದ. ಮುಚ್ಚಳ ತೆರೆದ, ಒಂದು ಹಿಡಿ ಎಳೆದ, ಎರಡು ಹೆಜ್ಜೆ ಹಿಂದೆ ಸರಿದ. ಟೆಂಟು ಕೊಡೆ ಬಿಚ್ಚಿದ ಹಾಗೆ ಎದ್ದು ನಿಂತಿತು. "ಹತ್ತೇ ನಿಮಿಷ ಸಾರ್!" ಸುತ್ತ ನಿಂತವರು ಚಪ್ಪಾಳೆ ಬೇರೆ ತಟ್ಟಿದರು. ನಾನು ಕೈ ಎತ್ತಿ, "ಈಗ ಇದನ್ನೇ ಮಡಚಿ ತೋರಿಸ್ತೀರಾ?" ಅಂದೆ. ಆತ ನಕ್ಕ. "ಅದರಲ್ಲೇನಿದೆ ಸಾರ್, ಇದೇ ಕೆಲಸ ಉಲ್ಟಾ ಮಾಡಿದರೆ ಆಯ್ತು."

ಉಲ್ಟಾ ಮಾಡಿದರೆ ಆಯ್ತಂತೆ! ಅರಳಿದ ಹೂವನ್ನು ಮತ್ತೆ ಮೊಗ್ಗು ಮಾಡಿದ ಹಾಗೆ.

ನಮ್ಮ ಟೆಂಟಿನ ಕಥೆ ಇಲ್ಲಿರುವ ಹಳಬರಿಗೆ ಗೊತ್ತೇ ಇದೆ. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಟ್ರೇಲರ್ ಟೆಂಟ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಚಿಕ್ಕ ಗಾಡಿ, ಅದರೊಳಗೇ ಮಡಚಿಟ್ಟ ಟೆಂಟು. ಬಿಚ್ಚಿದರೆ ಮಂಚ ನೆಲದಿಂದ ಮೇಲಿರುತ್ತದೆ, ಬೆನ್ನಿಗೆ ಕಲ್ಲು ಚುಚ್ಚುವುದಿಲ್ಲ, ಕೆಳಗೆ ನೀರು ಹರಿದರೂ ಹಾಸಿಗೆ ಒಣಗಿರುತ್ತದೆ. ಮಡಚಿದಾಗ ಕಾರಿಗಿಂತ ತಗ್ಗು, ಹಾಗಾಗಿ ಕ್ಯಾರವಾನಿನಂತೆ ಗಾಳಿಗೆ ಎದೆಯೊಡ್ಡಿ ನಿಲ್ಲುವುದಿಲ್ಲ. ಕಾರಿನಿಂದ ಕಳಚಿ ಇಬ್ಬರು ಸೇರಿ ಕೈಯಲ್ಲೇ ತಳ್ಳಿ ಮೂಲೆಗೆ ಸೇರಿಸಬಹುದು. ಮಕ್ಕಳಿರುವ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಇವತ್ತಿಗೂ ನಂಬಿದ್ದೇನೆ. ರಾತ್ರಿ ಮಳೆ ಬರುವಾಗ ಹತ್ತಿ ಕ್ಯಾನ್ವಾಸಿನ ಮೇಲೆ ಬೀಳುವ ಆ ಸದ್ದು ಇದೆಯಲ್ಲ, ಅದಕ್ಕಾಗಿ ಏನು ಬೇಕಾದರೂ ಸಹಿಸಿಕೊಳ್ಳಬಹುದು.

ಸಮಸ್ಯೆ ಬರುವುದು ಅದೇ ಮಳೆಯ ಮಾರನೇ ಬೆಳಿಗ್ಗೆ.

ಹತ್ತು ಗಂಟೆಯೊಳಗೆ ಜಾಗ ಖಾಲಿ ಮಾಡಬೇಕು. ಮಕ್ಕಳು ಕಾರಿನಲ್ಲಿ ಕುಳಿತು ಜಗಳ ಶುರು ಮಾಡಿದ್ದಾರೆ. ಕ್ಯಾನ್ವಾಸ್ ನೀರು ಕುಡಿದು ಹೊಸದಾಗಿ ಹುಟ್ಟಿದ ಆನೆಮರಿಯಷ್ಟು ಭಾರ, ಅಷ್ಟೇ ಹಟಮಾರಿ. ಒಂದು ಮೂಲೆ ಒಳಗೆ ತುರುಕಿದರೆ ಎದುರಿನ ಮೂಲೆ ಹೊರಗೆ ಬರುತ್ತದೆ. ಮುಚ್ಚಳ ಕೂರುವುದಿಲ್ಲ. ಮೇಲೆ ಹತ್ತಿ ಮಂಡಿಯೂರಿ ಒತ್ತಬೇಕು, ಆಗ ಇನ್ನೊಬ್ಬರು ಝಿಪ್ ಎಳೆಯಬೇಕು. ಗಂಡ ಹೆಂಡತಿ ಹದಿನೈದು ವರ್ಷ ಆಡದೆ ಬಿಟ್ಟ ಮಾತುಗಳೆಲ್ಲ ಹೊರಬರುವುದು ಆ ಇಪ್ಪತ್ತು ನಿಮಿಷದಲ್ಲಿ. (ನಾನು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆಕೆ ಈ ಪೋಸ್ಟ್ ಓದುತ್ತಾಳೆ.)

ಇದನ್ನು ಯಾವ ಅಂಗಡಿಯವನು ತೋರಿಸುತ್ತಾನೆ ಹೇಳಿ? ಎಲ್ಲರದೂ ಆರಂಭಶೂರತ್ವ. ಬಿಸಿಲು, ಹಸಿರು ಹುಲ್ಲು, ಬಿಚ್ಚಿದ ಟೆಂಟು, ನಗುವ ಮಕ್ಕಳು. ವಾಪಸ್ ಹೊರಡುವ ದಿನದ ಫೋಟೋ ಒಂದಾದರೂ ನೋಡಿದ್ದೀರಾ? ಆ ಹತ್ತು ನಿಮಿಷದ ಲೆಕ್ಕ ಕೂಡ ಬರೀ ಟ್ರೇಲರಿನ ಮೇಲಿನ ಟೆಂಟಿಗೆ ಮಾತ್ರ. ಟೆಂಟಿನ ಮುಂದೆ ಬೇರೆಯಾಗಿ ಕಟ್ಟುವ ಬಟ್ಟೆಯ ಚಾವಣಿ, ಅದರ ಕಂಬ, ಗೂಟ, ಹಗ್ಗ ಎಲ್ಲ ಸೇರಿದರೆ ಒಂದು ಗಂಟೆ ಕೈಬಿಟ್ಟಿತು ಅಂತಲೇ ಇಟ್ಟುಕೊಳ್ಳಿ. "ಆರು ಜನ ಮಲಗಬಹುದು" ಅನ್ನುವುದೂ ಇದೇ ಜಾತಿ. ನಾಲ್ವರು ಮಂಚದ ಮೇಲೆ, ಇಬ್ಬರು ಚಾವಣಿಯ ಕೆಳಗೆ ನೆಲದ ಮೇಲೆ. ಆ ಇಬ್ಬರು ಯಾರು ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ.

ಈಗ ಒಂದು ತಪ್ಪೊಪ್ಪಿಗೆ. ನಮ್ಮ ಮೊದಲ ಟೆಂಟನ್ನು ಹಾಳು ಮಾಡಿದ್ದು ನಾನೇ. "ಮಾರಿದವನು ಕಳಪೆ ಮಾಲು ಕೊಟ್ಟ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಸುಳ್ಳು. ಒದ್ದೆ ಟೆಂಟನ್ನು ಮಡಚಿ ತಂದು, "ನಾಳೆ ಒಣಗಿಸೋಣ" ಅಂದೆ. ಆ ನಾಳೆ ಮೂರು ವಾರ ಆಯಿತು. ಒದ್ದೆ ಹತ್ತಿ ಬಟ್ಟೆ ಮಡಚಿದ ಹಾಗೇ ಒಂದೆರಡು ದಿನ ಇದ್ದರೆ ಸಾಕು, ಬೂಷ್ಟು ಹಿಡಿಯಲು ಶುರುವಾಗುತ್ತದೆ. ಮುಚ್ಚಳ ತೆರೆದಾಗ ಮೊದಲು ಬಂದದ್ದು ವಾಸನೆ, ಹಳೇ ನೆಲಮಾಳಿಗೆಯ ವಾಸನೆ. ಆಮೇಲೆ ಕಂಡದ್ದು ಚುಕ್ಕಿಗಳು. ಮಡಿಕೆಯ ಗೆರೆ ಹಿಡಿದೇ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಬ್ರಷ್ ಹಾಕಿ ಉಜ್ಜಿದೆ, ಬಣ್ಣ ಹೋಯಿತು, ಚುಕ್ಕಿ ಹೋಗಲಿಲ್ಲ. ಇನ್ನೂ ಉಜ್ಜಿದೆ, ಬಟ್ಟೆಯೇ ಹರಿಯಿತು.

"ಅದಕ್ಕೇ ಪಾಲಿಯೆಸ್ಟರ್ ತಗೊಳ್ಳಿ, ಹಗುರ, ಬೇಗ ಒಣಗುತ್ತೆ" ಅಂತ ಒಬ್ಬರಾದರೂ ಕಾಮೆಂಟ್ ಹಾಕುತ್ತೀರಿ, ಗೊತ್ತು. ಒಪ್ಪಿದೆ, ಹಗುರ, ಬೇಗ ಒಣಗುತ್ತದೆ. ಆದರೆ ಅದು ಉಸಿರಾಡುವುದಿಲ್ಲ. ನಾಲ್ಕು ಜನ ಮಲಗಿದ ರಾತ್ರಿ ಅವರ ಉಸಿರೇ ಒಳಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ, ಬೆಳಗಿನ ಜಾವ ಹಣೆಯ ಮೇಲೆ ತೊಟ್ಟಿಕ್ಕುತ್ತದೆ. ಹತ್ತಿಯ ನೂಲು ಮಾತ್ರ ನೆನೆದಾಗ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಗಾಳಿ ಬಿಡುತ್ತದೆ. ಹೊಸ ಕ್ಯಾನ್ವಾಸನ್ನು ಎರಡು ಮೂರು ಸಲ ನೆನೆಸಿ ಒಣಗಿಸಿಯೇ ಪ್ರವಾಸಕ್ಕೆ ಒಯ್ಯಬೇಕು ಅನ್ನುವುದು ಇದಕ್ಕೇ. ಮೊದಲ ಮಳೆಗೆ ಹೊಲಿಗೆಯಲ್ಲಿ ಸೋರಿದರೆ ಗಾಬರಿ ಬೀಳಬೇಡಿ. ಇನ್ನು ಪಾಲಿಯೆಸ್ಟರಿಗೂ ಒದ್ದೆಯಾಗಿ ಮಡಚಿಟ್ಟರೆ ಉಳಿಗಾಲವಿಲ್ಲ. ಅಂಟಿದ ಕೊಳೆಯ ಮೇಲೆ ಬೂಷ್ಟು ಕೂರುತ್ತದೆ, ಒಳಗಿನ ಲೇಪ ಸಿಪ್ಪೆ ಏಳುತ್ತದೆ. ಎರಡರ ಮಿಶ್ರಣದ ಬಟ್ಟೆ ತಕ್ಕಮಟ್ಟಿಗೆ ಸರಿ. ಅದನ್ನೂ ಮಡಚಬೇಕಲ್ಲ ಮಹಾರಾಯರೇ.

ಮಡಚುವುದು ಬರೀ ಬೂಷ್ಟಿನ ಪ್ರಶ್ನೆ ಅಂದುಕೊಂಡಿರಾ? ಎರಡನೇ ವರ್ಷದ ಕಥೆ ಕೇಳಿ. ಒದ್ದೆ ಚಾವಣಿ ತನ್ನ ಜಾಗದಲ್ಲಿ ಕೂರಲೇ ಇಲ್ಲ. ಸಿಟ್ಟಿನಲ್ಲಿ ಉಂಡೆ ಕಟ್ಟಿ ಟ್ರೇಲರಿನ ಹಿಂಭಾಗಕ್ಕೆ ಎಸೆದೆ. ಜೊತೆಗೆ ಕುರ್ಚಿ, ಕಂಬದ ಚೀಲ, ಎಲ್ಲ ಅಲ್ಲಿಗೇ. ಹೆದ್ದಾರಿಯಲ್ಲಿ ಸ್ವಲ್ಪ ವೇಗ ಬಂದದ್ದೇ ತಡ, ಟ್ರೇಲರು ನಾಯಿ ಬಾಲದಂತೆ ಅಲ್ಲಾಡಲು ಶುರುವಾಯಿತು. ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಟ್ಟೆ, ಬ್ರೇಕ್ ಒತ್ತಲಿಲ್ಲ. ನಿಧಾನ ಆದ ಮೇಲೆ ಅಲ್ಲಾಟ ನಿಂತಿತು. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಕೈ ನಡುಗುತ್ತಿತ್ತು.

ಭಾರದ ಪಾಠ ಕಲಿತದ್ದು ಆಮೇಲೆ. ತುಂಬಿದ ಟ್ರೇಲರಿನ ತೂಕದ 5ರಿಂದ 7 ಶೇಕಡಾ ಅದರ ಮೂತಿಯ ಮೇಲೆ, ಅಂದರೆ ಕಾರಿಗೆ ಸಿಕ್ಕಿಸುವ ತುದಿಯಲ್ಲಿ ಇರಬೇಕು. ಟ್ರೇಲರು 600 ಕೆಜಿ ಇದ್ದರೆ 30ರಿಂದ 42 ಕೆಜಿ. ಕಾರಿನ ಕೊಕ್ಕೆ ಎಷ್ಟು ತಡೆಯುತ್ತದೆ ಅನ್ನುವುದನ್ನೂ ನೋಡಬೇಕು. ನಾವು ತೂಕ ನೋಡಿಕೊಳ್ಳುವ ಮನೆಯ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿ ಇಟ್ಟು ಅಳೆಯುತ್ತೇನೆ ಈಗ. ನೆರೆಮನೆಯವರು ನನಗೆ ಹುಚ್ಚು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ತೂಕದ ಚೀಟಿಯಲ್ಲೂ ಅದೇ ಮೋಸ. ಖಾಲಿ ಟ್ರೇಲರ್ 420, ಗರಿಷ್ಠ 600 ಅಂತ ಬರೆದಿದ್ದರೆ ನಿಮ್ಮ ಪಾಲಿಗೆ ಉಳಿದದ್ದು 180 ಕೆಜಿ. ಚಾವಣಿ, ಗ್ಯಾಸ್, ಒಲೆ, ಹಾಸಿಗೆ, ಹೆಚ್ಚುವರಿ ಚಕ್ರ, ನಾಲ್ವರ ಬಟ್ಟೆ ಎಲ್ಲ ಅದರಲ್ಲೇ. ಹೋಗುವಾಗ ಸರಿಯಾಗಿ 600 ತುಂಬಿಸಿಕೊಂಡು ಹೋದಿರೋ, ಬರುವಾಗ ಕ್ಯಾನ್ವಾಸ್ ಕುಡಿದ ನೀರಿನ ತೂಕ ಎಲ್ಲಿ ಹಾಕುತ್ತೀರಿ? ಹಲವು ದೇಶಗಳಲ್ಲಿ 750 ಕೆಜಿ ದಾಟಿದರೆ ಟ್ರೇಲರಿಗೇ ಬ್ರೇಕ್ ಇರಬೇಕು ಅಂತ ಕಾನೂನಿದೆ. ಚಿಕ್ಕ ಕಾರಿದ್ದರೆ ಅದಕ್ಕಿಂತ ಕಡಿಮೆ ತೂಕಕ್ಕೂ ಬ್ರೇಕ್ ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ.

ಹಳೆಯದು ಕೊಳ್ಳುವವರು ಮೊದಲು ಮೂಗು ಬಳಸಿ, ಆಮೇಲೆ ಕಣ್ಣು. ಝಿಪ್ಪಿನ ಬುಡ, ಕಿಟಕಿಯ ಮೂಲೆ, ಮಡಿಕೆಯ ಗೆರೆ ನೋಡಿ. ಟೈರಿನ ಗೆರೆ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ, ಇವು ಓಡಿ ಸವೆಯುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರ ತಯಾರಾದದ್ದು.

"ಇಷ್ಟೆಲ್ಲ ರಗಳೆ ಯಾಕೆ, ಸಾದಾ ಟೆಂಟು ಒಯ್ಯಿರಿ" ಅನ್ನುವವರೂ ಇದ್ದಾರೆ. ಅವರ ಸೊಂಟಕ್ಕೆ ಇನ್ನೂ ನಲವತ್ತು ಆಗಿಲ್ಲ ಅನ್ನಿಸುತ್ತದೆ.

ನಾನು ಕೇಳುವುದು ಇಷ್ಟೇ. ಚಾವಣಿ ಝಿಪ್ಪಿನಲ್ಲಿ ಬೇರೆಯಾಗುತ್ತದಾ, ಒದ್ದೆಯಾದರೆ ಅದನ್ನು ಬೇರೆ ಚೀಲಕ್ಕೆ ಹಾಕಬಹುದಾ? ಮುಚ್ಚಳ ಕೂರಲು ಎಷ್ಟು ಜನ ಒತ್ತಬೇಕು? ಮನೆಗೆ ತಂದ ಮೇಲೆ ಅಷ್ಟಗಲ ಬಟ್ಟೆ ಹರಡಲು ನಿಮಗೆ ಜಾಗ ಇದೆಯಾ? ಈ ಮೂರಕ್ಕೆ ಉತ್ತರ ಸಿಗುವ ತನಕ ಮಂಚ ಎಷ್ಟು, ಕಪಾಟು ಎಷ್ಟು ಅಂತ ಎಣಿಸುತ್ತಾ ಕೂರಬೇಡಿ.

ನಿನ್ನೆಯ ಕಥೆ ಮುಗಿದಿಲ್ಲ. ಇಬ್ಬರು ಮಕ್ಕಳ ಒಂದು ಜೋಡಿ ಅಲ್ಲೇ ಮುಂಗಡ ಕೊಡಲು ನಿಂತಿತ್ತು. ನಾನು ಜಾಗ ಬಿಟ್ಟು ಕದಲದೆ ಇದ್ದದ್ದು ನೋಡಿ ಆ ಹೆಣ್ಣುಮಗಳು, "ಒಂದ್ಸಲ ಮಡಚಿಬಿಡಿ, ನೋಡೋಣ" ಅಂದರು. ಈಗ ಮಾರುವವನಿಗೆ ಬೇರೆ ದಾರಿ ಇರಲಿಲ್ಲ. ಅವರ ದೊಡ್ಡ ಹುಡುಗ ಅಪ್ಪನ ಫೋನಿನಲ್ಲಿ ಸಮಯ ಹಿಡಿದ. ಒಣಗಿದ ಟೆಂಟು, ಒಳ್ಳೆ ಬಿಸಿಲು, ಚಾವಣಿ ಕಟ್ಟಿರಲೂ ಇಲ್ಲ. ಹದಿನೈದನೇ ನಿಮಿಷಕ್ಕೆ ಆತ ಸಹಾಯಕನನ್ನು ಕರೆದ. ಇಪ್ಪತ್ತೈದಕ್ಕೆ ಮುಚ್ಚಳದ ಮೇಲೆ ಕೂತ. "ಮೂವತ್ತೆಂಟು!" ಅಂತ ಹುಡುಗ ಕೂಗುವ ಹೊತ್ತಿಗೆ ಝಿಪ್ ಮುಚ್ಚಿತು. ಆತ ಬೆವರು ಒರೆಸಿಕೊಂಡು ನಮ್ಮ ಕಡೆ ತಿರುಗಿ, "ನೋಡಿದ್ರಾ?" ಅಂದ.

ಎರಡು ಕಂಬ ಇನ್ನೂ ಹುಲ್ಲಿನ ಮೇಲೇ ಬಿದ್ದಿದ್ದವು.