ಚೆಕ್‌ರೋಲ್ ಬರೆದವರು ಕೋಡ್ ಕಲಿಯುವಾಗ

"ಅಕ್ಕಾ, ಇರೋ ಕೆಲಸ ಬಿಟ್ಟು ಕೋಡಿಂಗ್ ಬೂಟ್‌ಕ್ಯಾಂಪ್ ಸೇರ್ಲಾ?" ಕೆಲವೇ ತಿಂಗಳಲ್ಲಿ ಕೋಡಿಂಗ್ ಕಲಿಸುವ ಇಂಥ ಕೋರ್ಸ್ ಬಗ್ಗೆ ಸೋಮವಾರಪೇಟೆ, ಕುಶಾಲನಗರ ಕಡೆಯ ಹುಡುಗ ಹುಡುಗಿಯರಿಂದ ಈ ಮೆಸೇಜ್ ಬರುತ್ತಲೇ ಇರುತ್ತದೆ. ಕಾಫಿ ತೋಟದಲ್ಲಿ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ, ಕೂಲಿಯ ಲೆಕ್ಕ ಬರೆಯುತ್ತಿದ್ದವಳು ನಾನು, ಈಗ ವೆಬ್ ಡೆವಲಪರ್. ಅದಕ್ಕೇ ಕೇಳುತ್ತಾರೆ. ಸೇರಿ ಅಂತಲೇ ಹೇಳುತ್ತೇನೆ. ಆದರೆ ಹಳೆಯ ಕೆಲಸವನ್ನು ರೆಸ್ಯೂಮೆಯಿಂದ ಅಳಿಸಬೇಡಿ.

ಹೋಂಸ್ಟೇ ನೋಡಿಕೊಂಡವರು, ಶಾಲೆಯಲ್ಲಿ ಪಾಠ ಮಾಡಿದವರು, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದವರು ಎಲ್ಲರೂ ಕೆಲಸ ಕೇಳಲು ಹೋದಾಗ ಅದನ್ನು ಮುಚ್ಚಿಟ್ಟು, ಅದೇ ಟು-ಡೂ ಲಿಸ್ಟ್, ಅದೇ ಹವಾಮಾನದ ಆ್ಯಪ್ ತೋರಿಸುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಅವನ್ನೆಲ್ಲ ಕೇಳಿದ ತಕ್ಷಣ ಅದೇ ಬರೆದುಕೊಡುತ್ತದೆ. ಅಷ್ಟಕ್ಕೆ ನಿಮಗೆ ಯಾರು ಸಂಬಳ ಕೊಡುತ್ತಾರೆ ಹೇಳಿ?

ನಾನು ಮಾಡಿದ್ದು ಔಟ್‌ಟರ್ನ್ ಲೆಕ್ಕದ ವೆಬ್ ಪುಟ. 50 ಕಿಲೋ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಎಷ್ಟು ಕಿಲೋ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ, ಸಿಗುತ್ತದೋ ಅದೇ ಔಟ್‌ಟರ್ನ್. ಅದನ್ನು ಆ ದಿನದ ಒಟಿ ರೇಟಿಗೆ, ಅಂದರೆ ಔಟ್‌ಟರ್ನ್‌ನ ಒಂದೊಂದು ಕಿಲೋಗೆ ಸಿಗುವ ಬೆಲೆಗೆ, ಗುಣಿಸಿದರೆ ಮೂಟೆಯ ಬೆಲೆ. ಕೊಡಗಿನ ಬೆಳೆಗಾರರಿಗೆ ಇದು ಬಾಯಿಪಾಠ, ಬೂಟ್‌ಕ್ಯಾಂಪಿನ ಮೇಷ್ಟ್ರಿಗೆ ಹೊಸದು. ಊರಿನ ಅಜ್ಜ ಒಬ್ಬರಿಗೆ ಫೋನ್ ಕೊಟ್ಟು ನೋಡಿ ಎಂದೆ. ಅವರು ಕನ್ನಡ ಕೀಬೋರ್ಡಿನಲ್ಲಿ ೨೭ ಎಂದು ಒತ್ತಿದರು, ಪರದೆ ಮೇಲೆ 'ನ್ಯಾನ್' (NaN) ಬಂತು. ಇದು ಸಂಖ್ಯೆಯೇ ಅಲ್ಲ ಎನ್ನುವುದಕ್ಕೆ ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಕೊಡುವ ಉತ್ತರ ಅದು. ಕನ್ನಡದ ಅಂಕಿಗಳನ್ನು ಅದು ಸಂಖ್ಯೆಯಾಗಿ ಓದುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ನಮ್ಮ ೦ ಇರುವುದು 3302ರಲ್ಲಿ, ೯ ಇರುವುದು 3311ರಲ್ಲಿ, ನಡುವಿನವೆಲ್ಲ ಸಾಲಾಗಿ. ಪ್ರತಿ ಅಂಕಿಯ ಆ ನಂಬರಿನಿಂದ 3302 ಕಳೆದರೆ ಲೆಕ್ಕ ಸರಿಹೋಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದ ಹಿಂದೆಯೇ ಟವರೂ ಹೋಗುತ್ತದಲ್ಲ, ಅದಕ್ಕೆ ಪುಟವನ್ನು ಫೋನಿನಲ್ಲೇ ಉಳಿಸಿಡಲು ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟ್ ಹಾಕಿ ನೆಟ್‌ವರ್ಕ್ ಇಲ್ಲದೆಯೂ ಪುಟ ತೆರೆಯುವಂತೆ ಮಾಡಿದೆ. ಇಂಟರ್‌ವ್ಯೂನಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಈ ಎರಡರ ಬಗ್ಗೆಯೇ.

ಡೇಟಾಬೇಸ್ ಪಾಠವೂ ಹಾಗೇ. ಕೆಲಸಗಾರರ ಹೆಸರು ಒಂದು ಟೇಬಲ್, ಯಾವ ದಿನ ಯಾರು ಯಾವ ಬ್ಲಾಕಿನಲ್ಲಿ ಎಷ್ಟು ಕಿಲೋ ಕೊಯ್ದರು ಎನ್ನುವುದು ಇನ್ನೊಂದು, ಎರಡನ್ನೂ ಜೋಡಿಸಿದರೆ ವಾರದ ಬಟವಾಡೆ. ಚೆಕ್‌ರೋಲ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಇಂಜಿನಿಯರಿಂಗ್ ಓದಿದವರು ತಡವರಿಸುವ ಜಾಗದಲ್ಲಿ ನೀವು ಸರಾಗವಾಗಿ ದಾಟುತ್ತೀರಿ.

ಇನ್ನು ದುಡ್ಡಿನ ಮಾತು. ಬೂಟ್‌ಕ್ಯಾಂಪಿನಲ್ಲಿ ನಿಜವಾಗಿ ಸಿಗುವುದು ದಿನದ ಶಿಸ್ತು, ಸಿಕ್ಕಿಹಾಕಿಕೊಂಡಾಗ ಕೇಳಲು ಜನ, ಜೊತೆಗೆ ಕಲಿಯುವವರು. ಒಂಟಿಯಾಗಿ ಕಲಿಯುವವರಿಗೆ ಅದು ಸಣ್ಣದಲ್ಲ. ಆದರೆ ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ಹೆಸರು ತಂದ ಡೆವ್ ಬೂಟ್‌ಕ್ಯಾಂಪೇ 2012ರಲ್ಲಿ ಶುರುವಾಗಿ 2017ರಲ್ಲಿ ಮುಚ್ಚಿತು. ಕೋರ್ಸ್ ನಡೆಸುವವರು ನಾಳೆ ಬಾಗಿಲು ಹಾಕಿದರೂ, ಸಾಲ ಬೇರೆ ಫೈನಾನ್ಸ್ ಕಂಪನಿಯದ್ದಾದರೆ ಇಎಂಐ ತಾನಾಗಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಫ್ರೀಕೋಡ್‌ಕ್ಯಾಂಪ್, ಎಂಡಿಎನ್ ಎಂಬ ವೆಬ್‌ಸೈಟ್‌ಗಳನ್ನು ನೋಡಿ. ವೆಬ್ ಪುಟ ಮಾಡಲು ಬೇಕಾದ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಲಿಯಲು ಅಲ್ಲಿ ಒಂದು ರೂಪಾಯಿಯೂ ಬೇಡ. ಕೆಲವು ತಿಂಗಳಾದ ಮೇಲೂ ರಾತ್ರಿ ಕೂತು ಮಾಡುವ ಮನಸ್ಸಿದ್ದರೆ ಫೀಸ್ ಕಟ್ಟಿ. "ಕೆಲಸ ಗ್ಯಾರಂಟಿ" ಎಂದರೆ ಯಾವ ಕೆಲಸ, ಎಷ್ಟು ಸಂಬಳ, ಸಿಗದಿದ್ದರೆ ದುಡ್ಡು ವಾಪಸ್ಸಾ ಎಂದು ಬರವಣಿಗೆಯಲ್ಲಿ ಕೇಳಿ. ನಿಮ್ಮ ಅಪ್ಪ ಕಾಫಿ ಮಾರಿದ ದುಡ್ಡು ಅದು, ಕೇಳಲು ಸಂಕೋಚ ಪಡಬೇಡಿ.

ಕಾಳುಮೆಣಸಿಗೂ ಲೀಟರ್ ತೂಕ (ಒಂದು ಲೀಟರ್ ಅಳತೆಯ ಮೆಣಸು ಎಷ್ಟು ಗ್ರಾಂ ತೂಗುತ್ತದೆ ಎನ್ನುವುದು) ನೋಡಿ ರೇಟು ಹೇಳುವ ಪುಟವೊಂದು ಬೇಕಿದೆ, ನನಗೆ ಆ ವ್ಯಾಪಾರ ಅಷ್ಟು ಗೊತ್ತಿಲ್ಲ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಮೆಣಸು ಬಲ್ಲವರು ಯಾರಾದರೂ ಕೋಡ್ ಕಲಿಯುತ್ತಿದ್ದರೆ ಮೆಸೇಜ್ ಮಾಡಿ. ಔಟ್‌ಟರ್ನ್ ಪುಟದ ಕೋಡ್ ಪೂರ್ತಿ ಕಳಿಸುತ್ತೇನೆ, ಅದರ ಮೇಲೆ ನೀವು ಮುಂದುವರಿಸಬಹುದು.