ಮಾಟಗಾತಿಯ ಕಥೆಯೂ ಕರ್ತನ ಪ್ರಾರ್ಥನೆಯೂ

ಹೋದ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬರುತ್ತಿದ್ದಾಗ ನಮ್ಮ ಸಭೆಯ ತಂಗಿಯೊಬ್ಬಳು ಹತ್ತಿರ ಬಂದು, ‘ಅಕ್ಕಾ, ಮಗಳಿಗೆ ಮಾಟಗಾತಿ ಕಥಿ ಓದಿ ಹೇಳ್ತೀರಂತ. ವಾಕ್ಯದಾಗ ಅಂಥಾವು ಬ್ಯಾಡ ಅಂತ ಐತೆಲ್ರೀ?’ ಅಂತ ಕೇಳಿದಳು. ಚಾಡಿಯಲ್ಲ, ನಿಜವಾದ ಕಾಳಜಿ. ಅವಳಿಗೂ ಆರು ವರ್ಷದ ಮಗನಿದ್ದಾನೆ. ನಿಂತ ಕಾಲಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಸತ್ಯವೇದದ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ನಾನೂ ಓದಿದ್ದೇನೆ. ಮಾಟ ಮಾಡಬೇಡಿ, ಕಣಿ ಕೇಳಬೇಡಿ ಅನ್ನುತ್ತದೆ. ಮಾಟ ಸೋತುಹೋಗುವ ಕಥೆಯನ್ನು ಮಕ್ಕಳಿಗೆ ಹೇಳಬೇಡಿ ಅನ್ನುವುದಿಲ್ಲ.

ನಾನು ಓದುತ್ತಿದ್ದದ್ದು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1844ರಲ್ಲಿ ಪ್ರಕಟಿಸಿದ ‘ಹಿಮರಾಣಿ’. ಸೈತಾನ ಒಂದು ಕನ್ನಡಿ ಮಾಡುತ್ತಾನೆ. ಅದರಲ್ಲಿ ಒಳ್ಳೆಯದೆಲ್ಲ ಕುಗ್ಗಿ ಕಾಣುತ್ತದೆ, ಕೆಟ್ಟದ್ದು ಎದ್ದು ಕಾಣುತ್ತದೆ. ದೇವರನ್ನೂ ದೂತರನ್ನೂ ಗೇಲಿ ಮಾಡಲು ಅವನ ಶಿಷ್ಯರು ಅದನ್ನು ಆಕಾಶಕ್ಕೆ ಹೊತ್ತೊಯ್ಯುವಾಗ ಕೈಜಾರಿ ಬಿದ್ದು ಚೂರುಚೂರಾಗುತ್ತದೆ. ಒಂದು ಚೂರು ಕಾಯ್ ಎಂಬ ಹುಡುಗನ ಕಣ್ಣಿಗೆ, ಇನ್ನೊಂದು ಅವನ ಎದೆಗೆ ಹೋಗುತ್ತದೆ. ಪಾಪ ಅಂದರೇನು ಅಂತ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬರುವುದಿಲ್ಲ.

ಕಥೆಯ ಮಾಟಗಾತಿ ಹಿಮರಾಣಿ ಅವನನ್ನು ತನ್ನ ಮಂಜಿನ ಅರಮನೆಗೆ ಕರೆದೊಯ್ಯುವಾಗ ಅವನು ಹೆದರಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಲು ನೋಡುತ್ತಾನೆ. ಬಾಯಿಗೆ ಬರುವುದು ಬರೀ ಮಗ್ಗಿ! ಇಲ್ಲಿ ನನ್ನ ಮಗಳು ನಗಲಿಲ್ಲ. ಅವಳಿಗೂ ದಿನಾ ಸಂಜೆ ಮಗ್ಗಿ ಒಪ್ಪಿಸುವುದಿದೆ. ‘ಮಮ್ಮೀ, ಪೂರ್ತಿ ಮರೆತೇಬಿಟ್ಟನಾ?’ ಅಂದಳು.

ಅವನನ್ನು ಹುಡುಕಿಕೊಂಡು ಗೆಳತಿ ಗೆರ್ಡಾ ಬರಿಗಾಲಲ್ಲಿ ಅರಮನೆವರೆಗೆ ಬರುತ್ತಾಳೆ. ಹಿಮದ ಕಾವಲು ಪಡೆ ಮೇಲೆರಗುವಾಗ ಕರ್ತನ ಪ್ರಾರ್ಥನೆ ಹೇಳುತ್ತಾಳೆ. ಚಳಿಗೆ ಅವಳ ಉಸಿರು ಹೊಗೆಯಂತೆ ಹೊರಬಂದು, ಈಟಿ ಗುರಾಣಿ ಹಿಡಿದ ದೂತರಾಗಿ ಅವಳ ಸುತ್ತ ನಿಲ್ಲುತ್ತದೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ನನ್ನ ಮಗಳು ಅಂಥ ಚಳಿಯನ್ನೆಲ್ಲಿ ಕಂಡಾಳು? ಮರುದಿನ ನೋಡಿದರೆ ಬೀರುವಿನ ಕನ್ನಡಿಗೆ ಮೂಗು ತಾಗಿಸಿಕೊಂಡು, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುತ್ತಾ, ಗಾಜಿನ ಮೇಲೆ ಮೂಡಿದ ಆವಿಯನ್ನೇ ನೋಡುತ್ತಿದ್ದಳು. ಸಂಡೇ ಸ್ಕೂಲಿನಲ್ಲಿ ಗಿಳಿಪಾಠ ಒಪ್ಪಿಸುವವಳು ಅವತ್ತು ಒಂದೊಂದೇ ಪದ ಬಿಡಿಸಿ ಹೇಳಿದಳು.

ಒಳಗೆ ಕಾಯ್ ಮಂಜಿನ ತುಂಡುಗಳನ್ನು ಜೋಡಿಸಿ ‘ನಿತ್ಯತೆ’ ಎಂಬ ಪದ ಮಾಡಲು ಹೆಣಗುತ್ತಿರುತ್ತಾನೆ. ಅದಾದರೆ ಬಿಡುಗಡೆ. ಎಷ್ಟು ಬುದ್ಧಿ ಓಡಿಸಿದರೂ ಆಗುವುದಿಲ್ಲ. ಗೆರ್ಡಾಳ ಕಣ್ಣೀರಿಗೆ ಅವನ ಎದೆ ಕರಗಿ, ಅವನೂ ಅತ್ತಾಗ ಕಣ್ಣಿನ ಚೂರು ಹೊರಬೀಳುತ್ತದೆ. ಆಗ ಆ ತುಂಡುಗಳು ತಾವೇ ಕುಣಿದು ಆ ಪದವಾಗುತ್ತವೆ. ರಕ್ಷಣೆ ನಮ್ಮ ಕ್ರಿಯೆಗಳಿಂದಲ್ಲ, ದೇವರ ಕೃಪೆಯಿಂದ ಅಂತ ನಾವು ನಂಬುವುದು ಇದನ್ನೇ ಅಲ್ಲವೇ?

ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಮಗಳಿಗೆ ಉಡುಗೊರೆಯಾಗಿ ಬಂದ ಬಣ್ಣದ ಪುಸ್ತಕದಲ್ಲೂ ಇದೇ ಕಥೆಯಿತ್ತು. ಸೈತಾನನಿಲ್ಲ, ದೂತರಿಲ್ಲ, ಪ್ರಾರ್ಥನೆಯಂತೂ ಇಲ್ಲವೇ ಇಲ್ಲ. ಗೆರ್ಡಾ ಧೈರ್ಯವಂತೆ, ಗೆದ್ದಳು, ಮುಗಿಯಿತು. ಮಾಟಗಾತಿಯರಿಗಲ್ಲ, ನಾನು ಹೆದರುವುದು ಈ ಕತ್ತರಿಗೆ.

ಆಂಡರ್ಸನ್ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಅವನ ಪುಟ್ಟ ಮತ್ಸ್ಯಕನ್ಯೆ (1837) ರಾಜಕುಮಾರನ ಜೊತೆಗೆ ಅಮರ ಆತ್ಮವನ್ನೂ ಬಯಸುತ್ತಾಳೆ. ಕೊನೆಗೆ 300 ವರ್ಷ ಒಳ್ಳೆಯ ಕೆಲಸ ಮಾಡಿ ಅದನ್ನು ಗಳಿಸಿಕೋ ಅನ್ನುತ್ತದೆ ಕಥೆ. ಅದನ್ನು ನಾನು ಒಪ್ಪುವುದಿಲ್ಲ. ಮಗಳಿಗೂ ಹಾಗೇ ಹೇಳಿದೆ, ಆ ರಾತ್ರಿ, ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುತ್ತಾ, ಒಳ್ಳೆಯ ಕೆಲಸಕ್ಕೆ ಸಮಯವೇ ಇಲ್ಲದೆ ಬರೀ ನಂಬಿ ಪರದೈಸಿನ ಮಾತು ಪಡೆದ ಕಳ್ಳನ ಬಗ್ಗೆ ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು.

ತಂಗೀ, ಬರುವ ಭಾನುವಾರ ಪೂರ್ತಿ ಕಥೆಯಿರುವ ನನ್ನ ಹಳೇ ಪ್ರತಿ ತರುತ್ತೇನೆ. ಮೊದಲು ನೀನೊಬ್ಬಳೇ ಓದು. ಕೊನೇ ಪುಟದಲ್ಲಿ ಅಜ್ಜಿ ಬಿಸಿಲಲ್ಲಿ ಕೂತು ಸತ್ಯವೇದ ಓದುತ್ತಾಳೆ, ಚಿಕ್ಕ ಮಕ್ಕಳಂತೆ ಆಗದಿದ್ದರೆ ಪರಲೋಕರಾಜ್ಯ ಸೇರಲಾರಿರಿ ಎಂಬ, ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ಮಾತು. ಅಲ್ಲಿಯವರೆಗೂ ಓದಿ ಆಮೇಲೆ ಹೇಳು, ಮಗನಿಗೆ ಕೊಡಬೇಕೋ ಬೇಡವೋ ಅಂತ.